ಪೆಟ್ಟಿಗೆಯೊಳಗಿನ ಗಂಡು, ಹೆಣ್ಣು

ಕೊಬ್ಬರಿಗೆ ಒಳ್ಳೇ ರೇಟು ಸಿಕ್ಕ ವರ್ಷ ನಮ್ಮ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ನಾಟಕಗಳು ಜಾಸ್ತಿ. ತಿಪಟೂರಿನ ಮಾರುಕಟ್ಟೆಗೆ ಗಿಟುಕು ಹಾಕಿ ಬಂದ ದುಡ್ಡಿನಲ್ಲಿ ಒಂದು ಪಾಲು ಜಾತ್ರೆಗೆ, ಅದರಲ್ಲೊಂದು ಪಾಲು ‘ಕುರುಕ್ಷೇತ್ರ’ಕ್ಕೆ. ಪಾತ್ರ ಬೇಕಾದವರು ಕೈಯಿಂದ ದುಡ್ಡು ಕಟ್ಟಬೇಕು. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು; ಸಣ್ಣ ಪಾತ್ರಗಳಿಗೆ ಕಡಿಮೆ. ಸೀನರಿ, ವೇಷಭೂಷಣ, ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ, ಮೇಷ್ಟರ ಸಂಬಳ ಎಲ್ಲವೂ ಅದರಲ್ಲೇ ನಡೆಯಬೇಕು. ಮೇಷ್ಟ್ರು ಎಂದರೆ ಹಾರ್ಮೋನಿಯಂ ಮೇಷ್ಟ್ರು. ಹಾಡು, ಮಾತು, ನಿಲುವು, ಹೆಜ್ಜೆ ಎಲ್ಲವನ್ನೂ ಕಲಿಸುವವರು ಅವರೊಬ್ಬರೇ. ತಿಂಗಳುಗಟ್ಟಲೆ ರಾತ್ರಿ ತಾಲೀಮು, ದೇವಸ್ಥಾನದ ಅಂಗಳದಲ್ಲೋ ಶಾಲೆಯ ಜಗುಲಿಯಲ್ಲೋ.

ನನ್ನ ದೊಡ್ಡಪ್ಪ ಅಂಥ ಮೇಷ್ಟರಲ್ಲೊಬ್ಬರು. 1970ರ ದಶಕದ ಕೊನೆಯಿಂದ 1990ರ ಆಸುಪಾಸಿನವರೆಗೆ ಹುಳಿಯಾರು, ಹಂದನಕೆರೆ, ಶೆಟ್ಟಿಕೆರೆ ಕಡೆಯ ಊರುಗಳಲ್ಲಿ ನಾಟಕ ಕಲಿಸಿದರು. ಮಳೆಗಾಲದಲ್ಲಿ ಕೆಲಸವಿಲ್ಲದಾಗ ಹಾರ್ಮೋನಿಯಂ ಪೆಟ್ಟಿಗೆಯನ್ನು ನಡುಮನೆಯಲ್ಲಿ ಬಿಚ್ಚಿ, ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ, ರೀಡುಗಳನ್ನು ಸಾಲಾಗಿ ಜೋಡಿಸಿ ಧೂಳು ತೆಗೆಯುತ್ತಿದ್ದರು. ವಾದ್ಯವೊಂದು ಹೇಗೆ ಮಾತಾಡುತ್ತದೆ ಎನ್ನುವುದನ್ನು ನಾನು ತಿಳಿದದ್ದು ಅಲ್ಲಿಯೇ. ಹಿತ್ತಾಳೆಯ ಒಂದು ಕಿರುನಾಲಿಗೆ, ಅದರ ಅಡಿಗೆ ಒಂದು ಸೀಳು, ತಿದಿಯ ಗಾಳಿ ಅದರ ಮೂಲಕ ನುಗ್ಗಿದಾಗ ನಡುಕ. ನಾಲಿಗೆ ಉದ್ದವಾಗಿ ಭಾರವಾಗಿದ್ದರೆ ಸ್ವರ ಕೆಳಗೆ, ಗಿಡ್ಡವಾಗಿ ಹಗುರವಾಗಿದ್ದರೆ ಮೇಲೆ. ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಗುಜರಾತಿನ ಪಾಲಿತಾಣದ ರೀಡು ಎಂದರೆ ದೊಡ್ಡಪ್ಪನಿಗೆ ಒಂದು ಗೌರವ. ಅದನ್ನು ಕೆರೆಯುವಾಗ ಉಸಿರು ಬಿಗಿ ಹಿಡಿಯುತ್ತಿದ್ದರು.

ಆ ರೀಡುಗಳು ಮೂರು ಸಾಲು. ಹಾರ್ಮೋನಿಯಂ ಮಾಡುವವರೂ ಮಾರುವವರೂ ನುಡಿಸುವವರೂ ಇವತ್ತಿಗೂ ಅವಕ್ಕೆ ಇಟ್ಟುಕೊಂಡಿರುವ ಹೆಸರು ಬಾಸು, ಮೇಲ್, ಫೀಮೇಲ್. ಮರಾಠಿ ಹಿಂದಿ ಬಲ್ಲವರು ಖರ್ಜ, ನರ, ಮಾದಿ ಎನ್ನುತ್ತಾರೆ. ಬಾಸಿಗಿಂತ ಒಂದು ಸ್ಥಾಯಿ ಮೇಲೆ ಗಂಡು, ಗಂಡಿಗಿಂತ ಒಂದು ಸ್ಥಾಯಿ ಮೇಲೆ ಹೆಣ್ಣು. ಪೆಟ್ಟಿಗೆಯ ಮುಂದಿನ ಗುಂಡಿ ಎಳೆದರೆ ಆ ಸಾಲಿಗೆ ಗಾಳಿ ಹೋಗುತ್ತದೆ, ಒತ್ತಿದರೆ ನಿಲ್ಲುತ್ತದೆ. ದೊಡ್ಡಪ್ಪ ನನಗೆ ಸರಳೆ, ಜಂಟಿ ಹೇಳಿಕೊಟ್ಟದ್ದು ಇದೇ ಪೆಟ್ಟಿಗೆಯಲ್ಲಿ, ಆದರೆ ಹೆಣ್ಣು ಸಾಲಿನ ಗುಂಡಿಯೊಂದನ್ನೇ ಎಳೆದು. “ಮೂರೂ ಬಿಟ್ರೆ ಗಾಳಿ ಜಾಸ್ತಿ ಬೇಕು ಕಣವ್ವ, ನಿನ್ ಕೈ ಸೋಲ್ತದೆ. ನಿಂಗೆ ಇದೇ ಸಾಕು” ಎನ್ನುತ್ತಿದ್ದರು. ಅದೇ ಮಳೆಗಾಲದಲ್ಲಿ ನನಗಿಂತ ಚಿಕ್ಕವನಾದ ನನ್ನ ತಮ್ಮ ಮೂರು ಗುಂಡಿಗಳನ್ನೂ ಎಳೆದುಕೊಂಡು ಕೂರುತ್ತಿದ್ದ. ಅವನ ಕೈ ಸೋತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ರೀಡಿಗೆ ಇಟ್ಟ ಹೆಸರು ರೀಡಿನಲ್ಲೇ ಉಳಿಯಲಿಲ್ಲ. ಯಾರು ಯಾವ ಗುಂಡಿ ಮುಟ್ಟಬೇಕು ಎನ್ನುವುದರವರೆಗೂ ಬಂತು.

ತಾಲೀಮಿನ ಅಂಗಳದ ಮಾತು ಇನ್ನೂ ಒರಟು. ತಬಲದವನ ಕೈ ಮೆತ್ತಗೆ ಬಿದ್ದರೆ, “ಏನ್ಲಾ, ಕೈಗೆ ಬಳೆ ತೊಟ್ಕೊಂಡ್ ಬಂದಿದೀಯಾ?” ಡಗ್ಗದ ಗುಮುಕಿ ತುಂಬಿಕೊಂಡು ಬಂದರೆ, “ಹಾಂ, ಇದಪ್ಪ ಗಂಡು ಏಟು.” ಕ್ಲಾರಿಯೊನೆಟ್ ಮೇಲಿನ ಸ್ವರದಲ್ಲಿ ಕೀರಲಾದರೆ, ಹೆಂಗಸರು ಹಾಡಿಕೊಂಡು ಅತ್ತ ಹಾಗಿದೆ ಎಂಬ ಟೀಕೆ. ಕರಣೆ ಬಿರುಕು ಬಿಟ್ಟು ಮೊಂಡು ಸದ್ದು ಕೊಡುವ ತಬಲಕ್ಕೆ ‘ಬಂಜೆ’ ಎಂಬ ಹೆಸರು. ಹಾಡುವ ಹುಡುಗನ ದನಿ ತೆಳುವಾಗಿದ್ದರೆ ಅವನು ‘ಹೆಣ್ಣಿಗ’. ಹೆಂಗಸಿನ ದನಿ ದಪ್ಪವಾಗಿದ್ದರೆ ಅವಳು ‘ಗಂಡುಬೀರಿ’. ಇವೆಲ್ಲ ನಗುನಗುತ್ತಲೇ ಬರುತ್ತಿದ್ದ ಮಾತುಗಳು, ಹೇಳಿದವರಲ್ಲಿ ಹೆಚ್ಚಿನವರು ಕೆಟ್ಟವರೂ ಅಲ್ಲ. ಆದರೂ ಕೆಟ್ಟ ನಾದಕ್ಕೆ ಹೆಣ್ಣಿನ ಹೆಸರು, ಒಳ್ಳೆಯ ನಾದಕ್ಕೆ ಗಂಡಿನ ಹೆಸರು ಎಂಬ ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ನಮ್ಮ ಬೀದಿಯ ಹುಡುಗನೊಬ್ಬನಿಗೆ ದನಿ ಒಡೆಯುವ ಮುಂಚೆ ಅದ್ಭುತ ಕಂಠವಿತ್ತು. ಹೊರಗಿನಿಂದ ಕಲಾವಿದೆಯನ್ನು ಕರೆಸಲು ದುಡ್ಡು ಸಾಲದ ಒಂದು ವರ್ಷ ಅವನಿಗೆ ದ್ರೌಪದಿಯ ಪಾತ್ರ ಹಾಕಿಸಿದರು. ಊರು ಮೆಚ್ಚಿತು. ಮೆಚ್ಚಿದ ಊರೇ ಮಾರನೆಯ ದಿನದಿಂದ ಅವನನ್ನು ಹೆಣ್ಣಿಗ ಎಂದು ಕರೆಯಿತು. ಎರಡನೆಯ ಸಲ ಅವನು ರಂಗದ ಮೇಲೆ ಹತ್ತಲಿಲ್ಲ. ಈಗ ತೆಂಗಿನಕಾಯಿ ವ್ಯಾಪಾರ ಮಾಡುತ್ತಾನೆ, ಮೊಮ್ಮಕ್ಕಳಿದ್ದಾರೆ, ನಾಟಕ ನೋಡಲೂ ಬರುವುದಿಲ್ಲ. ಒಳ್ಳೆಯ ಹಾಡುಗಾರನೊಬ್ಬ ನಮ್ಮ ಕೈ ತಪ್ಪಿದ್ದು ಒಂದು ಪದದಿಂದ.

ಆ ಕಾಲದ ದೊಡ್ಡ ನಟರ ಹಾಡನ್ನು ಈಗ ಕಿವಿಗೊಟ್ಟು ನೆನೆದರೆ ಈ ಲೆಕ್ಕ ಎಷ್ಟು ಟೊಳ್ಳೆಂದು ಗೊತ್ತಾಗುತ್ತದೆ. ಕೃಷ್ಣನ ಪಾತ್ರ ಕಟ್ಟುತ್ತಿದ್ದ ಗಂಡಸರು ಹಾಡುತ್ತಿದ್ದದ್ದು ಕಪ್ಪು ಮೂರರಲ್ಲಿ. ಹೆಂಗಸರು ಕಛೇರಿಯಲ್ಲಿ ಹಿಡಿಯುವ ಐದು, ಐದೂವರೆ ಶ್ರುತಿಗೂ ಅದಕ್ಕೂ ಇರುವ ಅಂತರ ಹಾರ್ಮೋನಿಯಂನಲ್ಲಿ ಒಂದೆರಡು ಕೀಲಿ, ಅಷ್ಟೇ. ಅಲ್ಲಿಂದ ಅವರು ತಾರಸ್ಥಾಯಿಗೆ ಏರಿ ನಿಂತಾಗ ಸ್ವರದ ಎತ್ತರದಲ್ಲಿ ಯಾವ ಹೆಣ್ಣುದನಿಗೂ ಕಮ್ಮಿ ಇರುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಾಲದಿಂದ ಹಿಡಿದು ಬಹುಕಾಲ ನಮ್ಮ ರಂಗಭೂಮಿಗೆ ಮೈಕಿರಲಿಲ್ಲ. ತೆರೆದ ಬಯಲಿನಲ್ಲಿ ಕೂತ ಸಾವಿರಾರು ಜನರಲ್ಲಿ ಕೊನೆಯವನಿಗೂ ಸಾಹಿತ್ಯ ಮುಟ್ಟಬೇಕಾದರೆ ಎತ್ತರದ ಶ್ರುತಿಯಲ್ಲೇ ಹಾಡಬೇಕು. ಕಾಲಿನಲ್ಲಿ ತಿದಿ ಒತ್ತುವ ಹಾರ್ಮೋನಿಯಂನಲ್ಲಿ ಎರಡು ಕೈಯೂ ಬಿಡುವಾಗುತ್ತಿದ್ದವು, ಸದ್ದೂ ದೊಡ್ಡದಾಗುತ್ತಿತ್ತು. ಹೀಗೆ ಎತ್ತರದಲ್ಲಿ ಹಾಡಿದ ಗಂಡಸಿನ ದನಿಗೆ ಯಾರೂ ಹೆಣ್ಣುದನಿ ಎನ್ನಲಿಲ್ಲ. ಕಂಚಿನ ಕಂಠ ಎಂದರು. ಅದೇ ಎತ್ತರದ ಸ್ವರ ಹೆಂಗಸಿನ ಬಾಯಿಂದ ಬಂದರೆ ಸಣ್ಣ ದನಿ, ಎಳೆಹುಡುಗನ ಬಾಯಿಂದ ಬಂದರೆ ಹೆಣ್ಣಿಗನ ದನಿ. ಸ್ವರ ಒಂದೇ ಇದ್ದರೂ ಹೆಸರು ಬದಲಾಗುತ್ತಿತ್ತು. ಜನ ಹೆಸರಿಡುತ್ತಿದ್ದದ್ದು ಹಾಡುವವರನ್ನು ನೋಡಿ, ಕೇಳಿಸಿದ ನಾದವನ್ನು ನೋಡಿ ಅಲ್ಲ.

ಕೆಳಗಿನ ಶ್ರುತಿಯಲ್ಲೂ ಇದೇ ಕಥೆ. ನಮ್ಮ ಮನೆಯ ರೇಡಿಯೊದಲ್ಲಿ ಗಂಗೂಬಾಯಿ ಹಾನಗಲ್ ಅವರ ಹಾಡು ಬಂದಾಗ ಹೆಸರು ಹೇಳಿದ್ದನ್ನು ಕೇಳಿಸಿಕೊಳ್ಳದವರು ಯಾರೋ ಉಸ್ತಾದರು ಹಾಡುತ್ತಿದ್ದಾರೆಂದು ತಿಳಿದದ್ದುಂಟು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡ ಆ ಮಹಾನುಭಾವರ ದನಿ ಚಿಕ್ಕಂದಿನಲ್ಲಿ ತೆಳುವಾಗಿತ್ತು. ಗಂಟಲಿನ ಚಿಕಿತ್ಸೆಯ ನಂತರ ದಪ್ಪವಾಯಿತು. ಅವರ ಗುರು ಸವಾಯಿ ಗಂಧರ್ವರು ಕುಂದಗೋಳದ ರಾಮಭಾವು, ಮರಾಠಿ ರಂಗಭೂಮಿಯಲ್ಲಿ ಸ್ತ್ರೀ ಪಾತ್ರಗಳನ್ನೂ ಮಾಡಿದವರು. ರಂಗದ ಮೇಲೆ ಹೆಣ್ಣಾಗಿ ಹಾಡಿದ ಗುರು, ಗಂಡಸಿನಂತೆ ಕೇಳುವ ಕಂಠದ ಶಿಷ್ಯೆ. ಕಿರಾಣಾ ಘರಾಣೆಯ ನಿಧಾನದ ಆಲಾಪ ಒಬ್ಬರಿಂದ ಇನ್ನೊಬ್ಬರಿಗೆ ದಾಟಿತು, ಯಾವ ಅಡ್ಡಿಯೂ ಆಗಲಿಲ್ಲ. ತಂಬೂರಿಗೆ ಹೆಸರಾದ ಮಿರಜಿನಲ್ಲಿ ಉದ್ದನೆಯದಕ್ಕೆ ಗಂಡು ತಂಬೂರಿ, ಗಿಡ್ಡನೆಯದಕ್ಕೆ ಹೆಣ್ಣು ತಂಬೂರಿ ಎನ್ನುವ ರೂಢಿ. ಆ ಅಂಗಡಿಯ ಲೆಕ್ಕದಲ್ಲಿ ಗಂಗೂಬಾಯಿಯವರಿಗೆ ಬೇಕಾದದ್ದು ಗಂಡು ತಂಬೂರಿ! ಸಂಗೀತಲೋಕದಲ್ಲಿ ಗಂಡಸರು ಪಂಡಿತ, ಉಸ್ತಾದ ಆಗುತ್ತಾರೆ, ಹೆಂಗಸರು ಮಾತ್ರ ‘ಬಾಯಿ’ಯಾಗಿಯೇ ಉಳಿಯುತ್ತಾರೆ ಎಂದು ಸ್ವತಃ ಗಂಗೂಬಾಯಿಯವರೇ ಹೇಳಿದ್ದರು. ಅಷ್ಟು ಎತ್ತರದಲ್ಲಿದ್ದವರಿಗೇ ಆ ಮಾತು ತಟ್ಟಿದ್ದರೆ ಹಳ್ಳಿಯ ತಾಲೀಮಿನಲ್ಲಿ ಕೂತವರ ಪಾಡು ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಯ ನಂಟಿರುವ ಇನ್ನೊಂದು ನಿದರ್ಶನವಿದೆ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ತುಂಬುದನಿ ರಂಗದ ಮೇಲೆ ಕೇಳಿದವರಿಗೆ ಗೊತ್ತು, ಆ ನಾದ ಎದೆಗೆ ಹೇಗೆ ಬಡಿಯುತ್ತದೆ ಎಂದು. 2013ರಲ್ಲಿ ಪದ್ಮಶ್ರೀ ಬಂತು. ಅವರ ದನಿಯನ್ನೂ ಮೆಚ್ಚುವ ಭರದಲ್ಲಿ ‘ಗಂಡುದನಿ’ ಎಂದವರನ್ನು ನಾನು ಕೇಳಿದ್ದೇನೆ. ದಪ್ಪ, ಗಡಸು, ತುಂಬು, ಗಂಭೀರ ಎಂಬ ಇಷ್ಟು ಮಾತುಗಳು ಕನ್ನಡದಲ್ಲೇ ಇರುವಾಗ ಆ ಒಂದು ಮಾತೇ ಯಾಕೆ ಬೇಕಾಯಿತು?

ನಾದಕ್ಕೆ ಲಿಂಗ ಹಚ್ಚುವ ಚಾಳಿ ಪೆಟ್ಟಿಗೆಯ ಜೊತೆ ಬಂದದ್ದಲ್ಲ ಎನ್ನುವುದನ್ನೂ ಹೇಳಬೇಕು. ನಾರದನ ಹೆಸರಿನಲ್ಲಿರುವ ಸಂಗೀತ ಮಕರಂದ ರಾಗಗಳನ್ನು ಪುರುಷ, ಸ್ತ್ರೀ, ನಪುಂಸಕ ಎಂದು ವಿಂಗಡಿಸುತ್ತದೆ. ಶಿಲ್ಪಶಾಸ್ತ್ರದವರು ಕಲ್ಲನ್ನು ತಟ್ಟಿ ಸದ್ದು ಕೇಳಿ ಗಂಡು ಕಲ್ಲು, ಹೆಣ್ಣು ಕಲ್ಲು ಎಂದರು. ಸದ್ದೇ ಬಾರದ ಕಲ್ಲು ನಪುಂಸಕ. ದೇವರ ವಿಗ್ರಹಕ್ಕೆ ಗಂಡು, ದೇವಿಗೂ ಪೀಠಕ್ಕೂ ಹೆಣ್ಣು, ಅಡಿಪಾಯಕ್ಕೆ ಮೂರನೆಯದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 9ನೇ ಶತಮಾನದ ಕಲ್ಲೇಶ್ವರ ಗುಡಿಯಿದೆ. ಅದರ ಒಳಚಾವಣಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ವಾದ್ಯದವರು. ಅಲ್ಲಿ ನಿಂತಾಗಲೆಲ್ಲ ಈ ಕಲ್ಲನ್ನೂ ಯಾರೋ ತಟ್ಟಿ ನೋಡಿ ಹೆಸರಿಟ್ಟಿರಬೇಕು ಅಂದುಕೊಳ್ಳುತ್ತೇನೆ. ಆದರೆ ಹಳೆಯದು ಎಂಬ ಕಾರಣಕ್ಕೆ ಒಂದು ವಿಂಗಡಣೆಯನ್ನು ಉಳಿಸಿಕೊಳ್ಳಬೇಕಾಗಿಲ್ಲ. ರಾಗಗಳಿಗೆ ಗಂಡ, ಹೆಂಡತಿ, ಮಕ್ಕಳು ಎಂದು ಸಂಸಾರ ಕಟ್ಟಿದ ಪದ್ಧತಿಯನ್ನು ಹಿಂದೂಸ್ತಾನಿಯವರೇ ಭಾತಖಂಡೆಯವರ ಕಾಲಕ್ಕೆ ಪಕ್ಕಕ್ಕಿಟ್ಟರು. ದಕ್ಷಿಣದಲ್ಲಿ 17ನೇ ಶತಮಾನದ ವೆಂಕಟಮಖಿ ಸ್ವರಗಳ ಲೆಕ್ಕದಿಂದಲೇ 72 ಮೇಳಗಳನ್ನು ಹಾಕಿಟ್ಟ. ಸಂಗೀತಕ್ಕೆ ಏನೂ ನಷ್ಟವಾಗಲಿಲ್ಲ.

ಚರ್ಮವಾದ್ಯದ ಕಡೆ ಬಂದರೆ ಬೇಲಿ ಇನ್ನೂ ಗಟ್ಟಿ. ನಮ್ಮ ಸೋಮನ ಕುಣಿತಕ್ಕೆ ಅರೆ, ದೂಣು, ಮೌರಿ, ಸದ್ದೆ ಬೇಕು. ಈ ವಾದ್ಯಗಳನ್ನು ಹೊತ್ತವರನ್ನು ಊರು ಗುಡಿಯ ಹೊರಗೇ ನಿಲ್ಲಿಸಿತ್ತು. ಅವರ ಸದ್ದಿಲ್ಲದೆ ದೇವರು ಮಾತ್ರ ಹೊರಡುತ್ತಿರಲಿಲ್ಲ. ಜಾತಿಯ ಈ ಬೇಲಿಯ ಮುಂದೆ ನಾನು ಹೇಳುತ್ತಿರುವುದು ಚಿಕ್ಕದು, ಅದು ನನಗೆ ಗೊತ್ತು. ಆದರೆ ಆ ಬೇಲಿಯ ಒಳಗೂ ಹೊರಗೂ ಹೆಂಗಸರಿಗೆ ಇನ್ನೊಂದು ಬೇಲಿ ಇತ್ತು. ಮುಟ್ಟಾಗುವವರು ದೇವರ ವಾದ್ಯ ಮುಟ್ಟಬಾರದು ಎಂಬುದು ಒಂದು ಕಾರಣ. ಬೆರಳಿಗೆ ಬಲವಿಲ್ಲ ಎಂಬುದು ಎರಡನೆಯದು.

ಎರಡನೆಯ ಕಾರಣವನ್ನು ಒಡೆದು ತೋರಿಸಿದವರು ಬೆಂಗಳೂರಿನ ಸುಕನ್ಯಾ ರಾಮಗೋಪಾಲ್. ಘಟ ಕಲಿಯುತ್ತೇನೆ ಎಂದಾಗ ಹೆಣ್ಣುಮಕ್ಕಳ ಬೆರಳಿಗೆ ಅದು ಕಷ್ಟ ಎಂಬ ಮಾತು ಗುರುಗಳ ಬಾಯಿಂದಲೇ ಬಂತು, ಕೊನೆಗೆ ಕಲಿಸಿದರು. ಕಲಿತ ಮೇಲೆ ಹೆಣ್ಣು ಘಟ ನುಡಿಸುವ ಕಛೇರಿಯಲ್ಲಿ ತಾವು ಕೂರುವುದಿಲ್ಲ ಎಂದ ಗಂಡಸು ಕಲಾವಿದರಿದ್ದರು. ಸುಕನ್ಯಾ ಅವರು ಹೆಂಗಸರೇ ಇರುವ ತಾಳವಾದ್ಯದ ತಂಡ ‘ಸ್ತ್ರೀ ತಾಳ್ ತರಂಗ್’ ಕಟ್ಟಿದರು, ಬೇರೆಬೇರೆ ಶ್ರುತಿಯ ಘಟಗಳನ್ನು ಸಾಲಾಗಿಟ್ಟುಕೊಂಡು ಸ್ವರ ಹೊರಡಿಸಿದರು. ಮಾನಾಮದುರೆಯ ಘಟ ದಪ್ಪ ಮಣ್ಣಿನದು, ಭಾರ. ಅದರಿಂದ ನಾದ ತೆಗೆಯಲು ಬೆರಳು ನಿಜವಾಗಿಯೂ ಗಟ್ಟಿಯಾಗಬೇಕು. ಬೆರಳು ಗಟ್ಟಿಯಾಗುವುದು ಸಾಧನೆಯಿಂದ. ಈ ಸರಳ ಸಂಗತಿಯನ್ನು ಒಪ್ಪಿಸಲು ಒಬ್ಬ ಕಲಾವಿದೆಗೆ ದಶಕಗಳು ಹಿಡಿದವು.

ಗಂಡು, ಹೆಣ್ಣು ಎಂಬ ಎರಡೇ ಸಾಲಿನಲ್ಲಿ ಸೇರದವರೂ ನಮ್ಮ ನಾದಲೋಕದಲ್ಲಿ ಹಿಂದಿನಿಂದ ಇದ್ದಾರೆ. ಬಳ್ಳಾರಿ ಸೀಮೆಯ ಜೋಗತಿಯರು ಚೌಡಿಕೆ ಹಿಡಿದು ಎಲ್ಲಮ್ಮನ ಪದ ಹಾಡುವುದನ್ನು ಕೇಳಿ. ಚರ್ಮಕ್ಕೆ ಕಟ್ಟಿದ ತಂತಿಯನ್ನು ಜಗ್ಗಿ ಬಿಗಿದಂತೆ ಸ್ವರ ಮೇಲೆ ಕೆಳಗೆ ಜಾರುತ್ತದೆ. ಆ ನಾದಕ್ಕೆ ಯಾವ ಲಿಂಗ ಎನ್ನುತ್ತೀರಿ? ಅವರಲ್ಲೊಬ್ಬರಾದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಮ್ಮೂರಿನ ಅಂಗಳದಲ್ಲಿ ಯಾವ ಪದಗಳನ್ನು ಬೈಗುಳವಾಗಿ ಎಸೆಯುತ್ತಿದ್ದರೋ ಅಂಥವನ್ನೇ ಕೇಳಿಕೊಂಡು ಬೆಳೆದವರು ಅವರು. ಪ್ರಶಸ್ತಿ ಬಂದ ದಿನ ನಮ್ಮ ಬೀದಿಯ ಆ ಹಾಡುಗಾರ ಹುಡುಗ ನೆನಪಾದ.

ಈಗ ಏನಾಗಿದೆ? ಕಾಲಿನ ಹಾರ್ಮೋನಿಯಂ ಹೋಯಿತು. ಕೀಬೋರ್ಡು, ರಿದಮ್ ಪ್ಯಾಡು ಬಂದವು. ಒಂದು ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ. ಬೆಂಗಳೂರಿನ ರೇಡೆಲ್‌ನಂಥ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆಗಳು ಬಂದ ಮೇಲೆ ಗಂಡು ತಂಬೂರಿ ಬೇರೆ, ಹೆಣ್ಣು ತಂಬೂರಿ ಬೇರೆ ಕೊಳ್ಳಬೇಕಾಗಿಲ್ಲ. ತಿರುಗುಗುಂಡಿ ಎಲ್ಲರನ್ನೂ ಸುಧಾರಿಸುತ್ತದೆ. ಮೈಕು ಇರುವುದರಿಂದ ಕೃಷ್ಣನೂ ಕಪ್ಪು ಒಂದರಲ್ಲಿ ಆರಾಮವಾಗಿ ಹಾಡುತ್ತಾನೆ. ನಾಟಕದ ಪೆಟ್ಟಿಗೆಯ ಮುಂದೆ ಕೂತ ಹೆಣ್ಣುಮಗಳು ಈಗಲೂ ಅಪರೂಪ, ಆದರೆ ತಿಪಟೂರು, ಚಿಕ್ಕನಾಯಕನಹಳ್ಳಿಯ ಪಾಠದ ಮನೆಗಳಲ್ಲಿ ತಬಲ ಕಲಿಯುವ ಹುಡುಗಿಯರಿದ್ದಾರೆ. ನನ್ನ ತಂಗಿಯ ಮೊಮ್ಮಗಳು ಅವರಲ್ಲೊಬ್ಬಳು. ಡಗ್ಗದ ಮೇಲೆ ಅವಳ ಅಂಗೈ ಊರಿದರೆ ಗುಮುಕಿ ಎದ್ದು ಬರುತ್ತದೆ.

ಮಾತು ಮಾತ್ರ ಅಷ್ಟು ಬೇಗ ಬದಲಾಗಿಲ್ಲ. ಬಳೆಯ ಮಾತು ಕಡಿಮೆಯಾಗಿದೆ, ನಿಂತಿಲ್ಲ. ಕೀಬೋರ್ಡಿನವರು ಈಗಲೂ ‘ಲೇಡೀಸ್ ಶ್ರುತಿ’, ‘ಜೆಂಟ್ಸ್ ಶ್ರುತಿ’ ಎಂದೇ ಕೇಳುತ್ತಾರೆ. ಎದುರಿಗಿರುವ ಹಾಡುಗಾರ್ತಿಯ ದನಿ ಎಲ್ಲಿ ಕೂರುತ್ತದೆ ಎಂದು ಕೇಳುವ ಮೊದಲೇ ಐದೂವರೆಗೆ ಇಟ್ಟುಬಿಡುತ್ತಾರೆ. ಕಂಠ ಕೆಳಗಿರುವ ಹುಡುಗಿ ಅಲ್ಲಿ ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ಪದದ ತಪ್ಪು ಇಲ್ಲಿ ನೇರವಾಗಿ ಗಂಟಲಿಗೇ ಹೋಗಿ ತಾಕುತ್ತದೆ.

ಹೆಂಗಸರೇ ಎಲ್ಲ ಪಾತ್ರ ಕಟ್ಟಿ ಆಡುವ ‘ಕುರುಕ್ಷೇತ್ರ’ ಈಗ ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. ಇತ್ತೀಚೆಗೆ ಒಂದು ಜಾತ್ರೆಯಲ್ಲಿ ನೋಡಿದೆ. ಭೀಮನಾದವಳು ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಎಂದು ಪಕ್ಕದವರು ಹೇಳಿದರು. ಕಂದಪದ್ಯ ಎತ್ತಿಕೊಂಡ ರೀತಿ, ಉಸಿರು ನಿಲ್ಲಿಸಿ ಸಾಲು ಮುಗಿಸಿದ ರೀತಿ, ಮಾತಿನ ಕೊನೆಯ ಅಕ್ಷರವನ್ನು ನುಂಗದೆ ಹೇಳಿದ ರೀತಿ, ಎಲ್ಲವೂ ಕಲಿತು ಬಂದದ್ದು. ದೃಶ್ಯ ಮುಗಿದ ಮೇಲೆ ಮೈಕು ಹಿಡಿದವರು ಹೊಗಳಿದ್ದು ಒಂದೇ ಮಾತಿನಲ್ಲಿ: “ಗಂಡಸರನ್ನೇ ನಾಚಿಸುವ ಕಂಠ!” ಜನ ಚಪ್ಪಾಳೆ ತಟ್ಟಿದರು. ನನಗೆ ಬೇಸರವಾಯಿತು. ಅವಳ ಉಸಿರಿನ ಬಗ್ಗೆ, ಅಕ್ಷರ ಶುದ್ಧಿಯ ಬಗ್ಗೆ, ಶ್ರುತಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅಳತೆಗೋಲು ಇನ್ನೂ ಗಂಡಸಿನ ಕೈಯಲ್ಲೇ ಇದೆ. ಅವಳು ಆ ಗೆರೆ ಮುಟ್ಟಿದ್ದಕ್ಕೆ ಚಪ್ಪಾಳೆ.

ನಾನು ಇದನ್ನು ಮಾತಾಡಿದಾಗ ಕೆಲವರು ಒಂದು ವಾದ ಹೂಡುತ್ತಾರೆ: ವಾದ್ಯದವರ ಮಾತಿಗೆ ಇಷ್ಟು ಯೋಚನೆ ಯಾಕೆ, ಅದು ಸಲುಗೆಯ ಮಾತು, ತೆಗೆದರೆ ಬೆಡಗು ಹೋಗುತ್ತದೆ ಎಂದು. ನಮ್ಮ ವಾದ್ಯದವರ ಮಾತು ನನಗೂ ಪ್ರೀತಿಯದೇ. ಆ ಮಾತಿನ ಬೆಡಗು ಇರುವುದು ಬೇರೆ ಕಡೆ. ತಂಬೂರಿಯ ತಂತಿಯ ಕೆಳಗೆ ಸರಿಯಾದ ಜಾಗದಲ್ಲಿ ಎಳೆ ಕೂತು ನಾದ ಅರಳಿದರೆ ‘ಜೀವಾಳ ಬಂತು’ ಎನ್ನುತ್ತಾರೆ. ಮೃದಂಗದ ಎಡಭಾಗಕ್ಕೆ ರವೆ ಹಚ್ಚುವುದು ಹೆಚ್ಚಾದರೆ ‘ಮೊಂಡಾಯ್ತು’, ಬಲಗಡೆ ಕರಣೆ ಸವೆದರೆ ‘ಬಾಯಿ ಬಿಟ್ಟಿತು’, ಪೆಟ್ಟಿಗೆಯ ಗಾಳಿ ಸೋರಿದರೆ ‘ಉಬ್ಬಸ ಹಿಡಿದಿದೆ’. ಗೊಗ್ಗರು, ಒಡಕು, ಬಿರುಸು, ತಂಪು, ತೆಳು, ತುಂಬು, ಎಷ್ಟೊಂದು ಪದಗಳು! ಇವುಗಳಲ್ಲಿ ಒಂದೊಂದೂ ಏನು ಕೆಟ್ಟಿದೆ, ಎಲ್ಲಿ ಕೈ ಹಾಕಬೇಕು ಎಂದು ಹೇಳುತ್ತದೆ. ‘ಬಂಜೆ ತಬಲ’ ಎಂದರೆ ಕರಣೆ ಬಿರಿದಿದೆಯೋ ಬಾರು ಸಡಿಲವಾಗಿದೆಯೋ ಯಾರಿಗೂ ಗೊತ್ತಾಗುವುದಿಲ್ಲ. ಮಕ್ಕಳಿಲ್ಲದ ಹೆಂಗಸೊಬ್ಬಳು ಅದೇ ಅಂಗಳದ ಮೂಲೆಯಲ್ಲಿ ಕೂತು ನಾಟಕದ ತಾಲೀಮು ನೋಡುತ್ತಿದ್ದರೆ ಅವಳಿಗೆ ಮಾತ್ರ ಗೊತ್ತಾಗುತ್ತದೆ. ಕೆಲಸಕ್ಕೂ ಬಾರದ, ಮನಸ್ಸಿಗೂ ನಾಟುವ ಪದವನ್ನು ಬಿಡುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಹಾರ್ಮೋನಿಯಂನ ರೀಡಿನ ಹೆಸರಿನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅಂಗಡಿಯವರು ಪಟ್ಟಿಯಲ್ಲಿ ಬರೆದುಕೊಳ್ಳಲಿ. ಆದರೆ ಕಲಿಸುವಾಗ ಬೇರೆ ಹೆಸರು ನಮ್ಮ ಕೈಯಲ್ಲೇ ಇದೆ. ಮೂರು ಸಾಲು, ಒಂದರ ಮೇಲೊಂದು ಸ್ಥಾಯಿ. ನಮ್ಮ ಸಂಗೀತ ಮೊದಲಿಂದಲೂ ಅವನ್ನು ಮಂದ್ರ, ಮಧ್ಯ, ತಾರ ಎಂದೇ ಕರೆದಿದೆ. ಮೊದಲ ಪಾಠದ ಮಗುವಿಗೂ ಅದು ಗೊತ್ತು.

ನಮ್ಮ ಸೀಮೆಯ ಮೇಷ್ಟ್ರುಗಳಲ್ಲಿ, ಕೀಬೋರ್ಡಿನ ಅಣ್ಣಂದಿರಲ್ಲಿ, ತಬಲ ಹೇಳಿಕೊಡುವವರಲ್ಲಿ ನನ್ನ ಕೋರಿಕೆ ಇಷ್ಟು. ಬರುವ ಜಾತ್ರೆಯ ತಾಲೀಮಿನಿಂದ ಪೆಟ್ಟಿಗೆಯ ಸಾಲುಗಳನ್ನು ಮಂದ್ರ, ಮಧ್ಯ, ತಾರ ಎಂದು ಕರೆಯಿರಿ. ಏಟು ಮೆತ್ತಗಿದ್ದರೆ ಮೆತ್ತಗಿದೆ ಎನ್ನಿ, ಬಳೆಯನ್ನು ಎಳೆದು ತರಬೇಡಿ. ಹಾಡಲು ಬಂದವರು ಯಾರೇ ಆಗಲಿ, ಒಂದು ಸಲ ಸಾ ಹಿಡಿಸಿ ನೋಡಿ ಆಮೇಲೆ ಶ್ರುತಿ ಇಡಿ. ಕಲಿಯಲು ಬಂದ ಹುಡುಗಿಗೆ ಮೂರು ಗುಂಡಿಯನ್ನೂ ಎಳೆದುಕೊಡಿ. ಕೈ ಸೋತರೆ ನಾಳೆ ಮತ್ತೆ ನುಡಿಸುತ್ತಾಳೆ.